ನೇರಳೆ ಹಣ್ಣು ತಿಂದರೆ ನೆನಪು ಉಳಿದೀತೆ?

ಮನೆಯ ಆರೋಗ್ಯ



‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮಲ್ಲಿ ಮನೆಮನೆಗೂ ಗೊತ್ತು. ಹಿರಿಯರೊಬ್ಬರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಅದನ್ನು ಹುಡುಕಾಡಿದರೆ, ಹಾಲಿನವನಿಗೆ ಎರಡು ಸಲ ಹಣ ಕೊಟ್ಟರೆ, ಮೊಮ್ಮಗಳನ್ನು ಮಗಳ ಹೆಸರಿನಿಂದ ಕೂಗಿದರೆ, ಕಿರಿಯರು ನಕ್ಕು ಈ ಮಾತನ್ನು ಆಡಿಬಿಡುತ್ತಾರೆ. ಆಡಿದವರಿಗೆ ಅದು ತಮಾಷೆ. ಕೇಳಿಸಿಕೊಂಡವರ ಎದೆಯಲ್ಲಿ ಮಾತ್ರ ಮುಳ್ಳಾಗಿ ಉಳಿಯುತ್ತದೆ. ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದುದು ಇಂತಹುದೇ ಒಂದು ಮನೆಯಿಂದ ಬಂದ ಪತ್ರ.

ಮೊಳಕಾಲ್ಮೂರಿನ ಸೋದರಿಯೊಬ್ಬರು ಅದನ್ನು ಬರೆದಿದ್ದಾರೆ. ಅವರ ಮಾವನವರು ನಲವತ್ತು ವರ್ಷ ಮಗ್ಗದ ಮೇಲೆ ಕುಳಿತವರು. ರೇಷ್ಮೆ ಸೀರೆಯ ಅಂಚಿಗೆ ಎಷ್ಟು ಎಳೆ, ಸೆರಗಿಗೆ ಎಷ್ಟು ಎಳೆ ಎಂಬ ಲೆಕ್ಕವನ್ನೆಲ್ಲ ಚೀಟಿಯಿಲ್ಲದೆ ತಲೆಯಲ್ಲೇ ಇಟ್ಟುಕೊಂಡಿದ್ದವರು. ಕಳೆದ ಒಂದು ವರ್ಷದಿಂದ ಆ ಲೆಕ್ಕ ತಪ್ಪುತ್ತಿದೆ. ಊಟ ಮಾಡಿ ಅರ್ಧ ಗಂಟೆಯಾಗಿರುವುದಿಲ್ಲ, ಊಟವಾಯಿತೆ ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಹಿರಿಯ ಮಗ ಪರದೇಶದ ಬ್ಲೂಬೆರ್ರಿ ಹಣ್ಣಿನ ರಸದ ಬಾಟಲಿಗಳನ್ನೂ ಅದೇ ಹಣ್ಣಿನ ಮಾತ್ರೆಗಳನ್ನೂ ತಿಂಗಳು ತಿಂಗಳು ಕಳುಹಿಸುತ್ತಿದ್ದಾರೆ. “ಇದರಿಂದ ಮಾವನವರ ನೆನಪು ಮರಳುವುದೆ? ಇಷ್ಟು ಬೆಲೆ ತೆರಲಾಗದವರು ನಮ್ಮ ಕಡೆಯ ನೇರಳೆ ಹಣ್ಣನ್ನು ತಿಂದರೆ ಸಾಲದೆ?” ಇದು ಸೋದರಿಯ ಪ್ರಶ್ನೆ.

ಪ್ರಶ್ನೆ ಒಬ್ಬರದಾದರೂ ಉತ್ತರ ಅನೇಕರಿಗೆ ಬೇಕಾಗಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಈ ಅಂಕಣಕಾರನು ವೈದ್ಯನಲ್ಲ. ವೈದ್ಯರು ಬರೆದುದನ್ನು ಓದಿ, ಬಲ್ಲವರನ್ನು ಕೇಳಿ ತಿಳಿದು ಹೇಳುವವನು ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಮೊದಲು ನಮ್ಮ ಮನೆಯ ಮಾತು

ಹಣ್ಣಿನ ವಿಚಾರಕ್ಕೆ ಹೋಗುವ ಮುನ್ನ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ನಮ್ಮ ತಾಯಿಯವರು ಚಳ್ಳಕೆರೆಯಲ್ಲಿದ್ದರು. ಎಪ್ಪತ್ತು ದಾಟಿದ ಮೇಲೆ ಅವರಿಗೆ ಮರೆವು ಕಾಣಿಸಿಕೊಂಡಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವರು; ಸಂತೆಯಲ್ಲಿ ಚಿಲ್ಲರೆ ಎಣಿಸಲಾಗದೆ ಕೈಯಲ್ಲಿದ್ದುದನ್ನೆಲ್ಲ ವ್ಯಾಪಾರಿಯ ಮುಂದೆ ಚಾಚುವರು. ಪಾದಗಳು ಜೋಮು ಹಿಡಿದಂತಾಗುತ್ತವೆ, ನಡೆಯುವಾಗ ನೆಲ ತಿಳಿಯುವುದಿಲ್ಲ ಎಂದು ಹೇಳುತ್ತಿದ್ದರು. ಅದನ್ನು ನಾವು ವಯಸ್ಸಿನ ಗುಣವೆಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರೋ ಮನೆಗೆ ತಂದು ಮಾರಿದ, ನೆನಪಿನ ಶಕ್ತಿಗೆಂದು ಹೇಳಿದ ದುಬಾರಿ ಸಿರಪ್ಪನ್ನು ಎಂಟು ತಿಂಗಳು ಕುಡಿಸಿದೆವು. ಕರ್ತವ್ಯ ಮುಗಿಯಿತೆಂದು ಸಮಾಧಾನಪಟ್ಟುಕೊಂಡೆವು.

ಕೊನೆಗೆ ಬೇರೊಂದು ಕಾರಣಕ್ಕೆ ನೋಡಿದ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಬಿ12 ಎಂಬ ಜೀವಸತ್ವ ಅವರ ರಕ್ತದಲ್ಲಿ ತೀರ ಕಡಿಮೆಯಾಗಿತ್ತು. ಕಫವಾಗುತ್ತದೆಂದು ಹಾಲು ಮೊಸರನ್ನು ಬಿಟ್ಟು ಎರಡು ವರ್ಷವಾಗಿದ್ದಿತು. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರು. ಇಂಜೆಕ್ಷನ್ನುಗಳು ಆರಂಭವಾದ ಮೂರು ತಿಂಗಳಲ್ಲಿ ಅವರು ಮತ್ತೆ ಸಂತೆಗೆ ಹೋಗಿ ಲೆಕ್ಕ ಹೇಳುವಂತಾದರು. ಆದರೆ ಪಾದದ ಜೋಮು ಪೂರ್ಣವಾಗಿ ಹೋಗಲೇ ಇಲ್ಲ. ಮೊದಲೇ ಬಂದಿದ್ದರೆ ಅದೂ ಹೋಗುತ್ತಿತ್ತೇನೋ ಎಂದು ವೈದ್ಯರು ಮೆಲುದನಿಯಲ್ಲಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. ಆ ಎಂಟು ತಿಂಗಳನ್ನು ನಾವು ಒಂದು ಬಾಟಲಿಯನ್ನು ನಂಬಿ ಕಳೆದುಕೊಂಡೆವು. ಸೋದರಿಯ ಪತ್ರವನ್ನು ಓದಿದಾಗ ನನಗೆ ಮೊದಲು ನೆನಪಾದುದು ಆ ಬಾಟಲಿ.

ಪರದೇಶದ ಪಂಡಿತರು ಕಂಡದ್ದೇನು?

ಹಾಗೆಂದ ಮಾತ್ರಕ್ಕೆ ಬೆರ್ರಿ ಹಣ್ಣುಗಳ ವಿಚಾರವೆಲ್ಲ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1999ರಲ್ಲಿ ಮುದಿ ಇಲಿಗಳಿಗೆ ಎಂಟು ವಾರ ಬ್ಲೂಬೆರ್ರಿ, ಸ್ಟ್ರಾಬೆರ್ರಿ ಮತ್ತು ಪಾಲಕ್ ಸೊಪ್ಪಿನ ಸಾರವನ್ನು ತಿನ್ನಿಸಿ ನೋಡಿದರು. ಅವುಗಳ ಕಲಿಕೆಯೂ ಚಲನವಲನವೂ ಸುಧಾರಿಸಿದುದು ಕಂಡುಬಂದಿತು. ಇಲಿಗೆ ಆದುದು ಮನುಷ್ಯನಿಗೂ ಆದೀತೆ ಎಂಬ ಕುತೂಹಲ ಅಲ್ಲಿಂದ ಬೆಳೆಯಿತು.

2012ರಲ್ಲಿ ಅಮೆರಿಕದ ದಾದಿಯರ ಬಗೆಗಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. 70 ವರ್ಷ ಮುಟ್ಟಿದ ಹಾಗೂ ದಾಟಿದ 16,010 ಮಹಿಳೆಯರು ಅದರಲ್ಲಿದ್ದರು. ಅವರು ಏನೇನು ಊಟ ಮಾಡುತ್ತಾರೆಂಬುದನ್ನು 1980ರಿಂದಲೇ ಬರೆದಿಡಲಾಗಿದ್ದಿತು. ಬಳಿಕ ಅವರ ನೆನಪನ್ನೂ ಯೋಚನಾಶಕ್ತಿಯನ್ನೂ ಹಲವು ಬಾರಿ ಪರೀಕ್ಷಿಸಲಾಯಿತು. ಬ್ಲೂಬೆರ್ರಿ, ಸ್ಟ್ರಾಬೆರ್ರಿಗಳನ್ನು ಹೆಚ್ಚಾಗಿ ತಿನ್ನುತ್ತಿದ್ದವರಲ್ಲಿ ಬುದ್ಧಿ ಕುಂದುವಿಕೆ ನಿಧಾನವಾಗಿದ್ದಿತು. ಆ ನಿಧಾನವು ಎರಡೂವರೆ ವರ್ಷದಷ್ಟಿರಬಹುದೆಂದು ಅಧ್ಯಯನಕಾರರು ಲೆಕ್ಕಹಾಕಿದರು. ಪತ್ರಿಕೆಗಳಲ್ಲಿ ಬರುವ ‘ಬೆರ್ರಿ ತಿನ್ನಿ, ನೆನಪು ಉಳಿಸಿಕೊಳ್ಳಿ’ ಎಂಬ ಸುದ್ದಿಗಳಿಗೆ ಬಹುಮಟ್ಟಿಗೆ ಆಧಾರ ಇದೇ ಆಗಿದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹಣ್ಣು ತಿನ್ನುವವರ ನೆನಪು ಚೆನ್ನಾಗಿದೆ ಎಂದರೆ ಹಣ್ಣಿನಿಂದಲೇ ಚೆನ್ನಾಗಿದೆ ಎಂದು ಅರ್ಥವಲ್ಲ. ವಾರವಾರ ಹಣ್ಣು ಕೊಂಡು ತಿನ್ನಬಲ್ಲವರು ಸಾಮಾನ್ಯವಾಗಿ ಅನುಕೂಲಸ್ಥರು. ನಡೆದಾಡುವವರು, ವೈದ್ಯರಿಗೆ ತೋರಿಸಿಕೊಳ್ಳುವವರು. ನಮ್ಮೂರಿನಲ್ಲಿ ಕೊಡೆ ಹಿಡಿದವರೆಲ್ಲರ ಮನೆ ಸೋರುವುದಿಲ್ಲವೆಂದು ಕಂಡು, ಕೊಡೆಯಿಂದಲೇ ಸೂರು ಗಟ್ಟಿಯಾಯಿತೆನ್ನಲಾದೀತೆ? ಅಧ್ಯಯನಕಾರರು ಈ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಕಳೆಯಲು ಯತ್ನಿಸುತ್ತಾರೆ. ಪೂರ್ತಿ ಕಳೆಯುವುದು ಕಷ್ಟ.

ಆದುದರಿಂದ ವಿಜ್ಞಾನಿಗಳು ಮತ್ತೊಂದು ದಾರಿ ಹಿಡಿದರು. ಚೀಟಿಯೆತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಣ್ಣಿನ ಪುಡಿ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಬೇರೆ ಪುಡಿ ಕೊಟ್ಟು ಪರೀಕ್ಷಿಸುವ ಕ್ರಮವಿದು. 2018ರಲ್ಲಿ ಪ್ರಕಟವಾದ ಇಂತಹ ಒಂದು ಪ್ರಯೋಗದಲ್ಲಿ 60ರಿಂದ 75 ವರ್ಷದ 37 ಮಂದಿ ಇದ್ದರು. ದಿನಕ್ಕೆ ಒಂದು ಬಟ್ಟಲು ತಾಜಾ ಹಣ್ಣಿಗೆ ಸಮನಾದ ಬ್ಲೂಬೆರ್ರಿ ಪುಡಿಯನ್ನು 90 ದಿನ ಸೇವಿಸಿದವರು ಪದಗಳ ಪಟ್ಟಿಯನ್ನು ಒಪ್ಪಿಸುವಾಗ ಹೇಳಿದ್ದನ್ನೇ ಮತ್ತೆ ಹೇಳುವ ತಪ್ಪನ್ನು ಕಡಿಮೆ ಮಾಡಿದರು. ನಡಿಗೆಯಲ್ಲಿ, ದೇಹದ ಸಮತೋಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಸಂತೋಷದ್ದೇ, ಆದರೆ ಜನರು ಮೂವತ್ತೇಳು, ಕಾಲ ಮೂರು ತಿಂಗಳು. ಇಂತಹ ಕೆಲವು ಅಧ್ಯಯನಗಳಿಗೆ ಹಣ್ಣು ಬೆಳೆಗಾರರ ಸಂಘಗಳೂ ಹಣ ಒದಗಿಸಿವೆ ಎಂಬುದನ್ನು ಮರೆಯಬಾರದು.

ಇನ್ನೊಂದು ಮುಖ್ಯ ಸಂಗತಿ. ಷಿಕಾಗೋ ನಗರದ ರಷ್ ವಿಶ್ವವಿದ್ಯಾಲಯದವರು 2015ರಲ್ಲಿ ಮೆದುಳಿಗೆ ಹಿತವಾದ ‘ಮೈಂಡ್’ ಎಂಬ ಆಹಾರಕ್ರಮವೊಂದನ್ನು ಸೂಚಿಸಿದರು. ಸೊಪ್ಪು, ಕಾಳು, ಇಡಿಯ ಧಾನ್ಯ, ಬೀಜಗಳು ಮತ್ತು ವಾರಕ್ಕೆ ಎರಡು ಸಲವಾದರೂ ಬೆರ್ರಿ ಹಣ್ಣು ಅದರಲ್ಲಿವೆ. ಈ ಕ್ರಮದ ಊಟ ಮಾಡುತ್ತಿದ್ದವರಲ್ಲಿ ಮರೆಗುಳಿ ರೋಗ ಬಹಳ ಕಡಿಮೆಯೆಂದು ಆಗ ಕಂಡುಬಂದಿತ್ತು. ಆದರೆ ಅದನ್ನೇ 604 ಮಂದಿಯ ಮೇಲೆ ಮೂರು ವರ್ಷ ಪ್ರಯೋಗಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಈ ಊಟ ಮಾಡಿದವರಿಗೂ ತಮ್ಮ ರೂಢಿಯ ಊಟವನ್ನೇ ಸ್ವಲ್ಪ ಮಿತಗೊಳಿಸಿ ಉಂಡವರಿಗೂ ನೆನಪಿನ ವಿಷಯದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಎರಡು ಗುಂಪಿನವರೂ ಸ್ವಲ್ಪ ಸುಧಾರಿಸಿದ್ದರು, ಅಷ್ಟೆ.

ಇವೆಲ್ಲವುಗಳಿಂದ ಹೊರಡುವ ತಾತ್ಪರ್ಯವಿಷ್ಟು: ಬಣ್ಣದ ಹಣ್ಣುಗಳಿಂದ ಮೆದುಳಿಗೆ ಸ್ವಲ್ಪ ಒಳಿತಾಗುವ ಸಂಭವವಿದೆ. ಹೋದ ನೆನಪನ್ನು ಮರಳಿ ತರುವ ಔಷಧಿ ಅದಲ್ಲ.

ನಮ್ಮ ಬಯಲುಸೀಮೆಯ ಹಣ್ಣುಗಳು

ಬ್ಲೂಬೆರ್ರಿಯಲ್ಲಿರುವ ವಿಶೇಷವೇನು? ಆಂಥೋಸಯನಿನ್ ಎಂಬ ನೀಲಿ ಕೆಂಪು ಮಿಶ್ರಿತ ವರ್ಣದ್ರವ್ಯ. ಇದು ಹೆಚ್ಚಾಗಿ ಸಿಪ್ಪೆಯಲ್ಲಿರುತ್ತದೆ. ನಮ್ಮ ದೇಹದ ತೂಕದಲ್ಲಿ ಮೆದುಳಿನದು ನೂರಕ್ಕೆ ಎರಡು ಪಾಲು ಮಾತ್ರವಾದರೂ ನಾವು ಉಸಿರಾಡುವ ಪ್ರಾಣವಾಯುವಿನಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕು. ಅದನ್ನು ಹೊತ್ತು ತರುವ ರಕ್ತನಾಳಗಳು ಮೆತ್ತಗೆ, ಸಡಿಲವಾಗಿ ಇರಬೇಕು. ಈ ವರ್ಣದ್ರವ್ಯಗಳು ರಕ್ತನಾಳಗಳ ಒಳಪದರಕ್ಕೆ ಹಿತವನ್ನುಂಟುಮಾಡುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಈ ವರ್ಣದ್ರವ್ಯ ಪರದೇಶದ ಹಣ್ಣಿನ ಸ್ವತ್ತೇನೂ ಅಲ್ಲ. ಬಣ್ಣಕ್ಕೇ ತನ್ನ ಹೆಸರನ್ನು ಕೊಟ್ಟ ನಮ್ಮ ನೇರಳೆಯಲ್ಲಿ ಅದು ಧಾರಾಳವಾಗಿದೆ. ಜೂನ್, ಜುಲೈ ತಿಂಗಳಲ್ಲಿ ಚಳ್ಳಕೆರೆಯ ಸಂತೆಗೆ ಬುಟ್ಟಿಗಳಲ್ಲಿ ಬಂದು, ತಿಂದವರ ನಾಲಗೆಯ ಮೇಲೆ ಸಾಕ್ಷಿ ಬಿಟ್ಟು ಹೋಗುವ ಹಣ್ಣು ಇದೇ. ರೇಷ್ಮೆ ಹುಳುವಿಗೆ ಸೊಪ್ಪಾಗಲೆಂದು ಬೆಳೆಸುವ ಹಿಪ್ಪುನೇರಳೆಯ ಕಪ್ಪು ಹಣ್ಣಿನಲ್ಲಿಯೂ ಅದೇ ಬಗೆಯ ವರ್ಣದ್ರವ್ಯವಿದೆ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನ ಸೀಮೆಯಲ್ಲಿ ಎಲೆಗೆ ಇರುವ ಬೆಲೆ ಹಣ್ಣಿಗಿಲ್ಲ. ಮಕ್ಕಳು ತಿಂದು ಅಂಗಿ ಕಲೆ ಮಾಡಿಕೊಂಡರೆ ಬೈಸಿಕೊಳ್ಳುವುದೊಂದೇ ಅದರ ಖ್ಯಾತಿ. ಗುಡ್ಡಗಳ ಮೇಲಿನ ಮುಳ್ಳುಪೊದೆಗಳಲ್ಲಿ ಮಾಗಿ ಕಪ್ಪಾಗುವ ಕವಳೆ ಹಣ್ಣೂ ಇದೇ ಬಳಗಕ್ಕೆ ಸೇರಿದುದು. ಚಳಿಗಾಲದ ಎಲಚಿ ಹಣ್ಣಿನಲ್ಲಿ ಮತ್ತು ನೆಲ್ಲಿಕಾಯಿಯಲ್ಲಿ ಈ ನೇರಳೆ ವರ್ಣ ಇಲ್ಲ. ಅವು ಸಿ ಜೀವಸತ್ವಕ್ಕೆ ಒಳ್ಳೆಯವು.

ಮಳೆ ಕಡಿಮೆಯಾದ ಈ ಎರಡು ತಾಲ್ಲೂಕುಗಳಲ್ಲಿ ಬರ ಬಂದರೂ ಬದುಕಿ ಉಳಿಯುವ ಗಿಡಗಳು ಇವು. ಆದರೆ ಮೇಲೆ ಹೇಳಿದ ಪ್ರಯೋಗಗಳು ನಡೆದುದು ಬ್ಲೂಬೆರ್ರಿ, ಸ್ಟ್ರಾಬೆರ್ರಿಗಳ ಮೇಲೆ. ವರ್ಣದ್ರವ್ಯ ಒಂದೇ ಬಗೆಯದೆಂದ ಮಾತ್ರಕ್ಕೆ ಅಲ್ಲಿನ ಫಲಿತಾಂಶವನ್ನು ನೇರಳೆಯ ತಲೆಗೆ ಕಟ್ಟುವುದು ಸರಿಯಲ್ಲ. ಪರದೇಶದ ಬಾಟಲಿಗೆ ಸಲ್ಲದ ಹೊಗಳಿಕೆ ನಮ್ಮ ಬುಟ್ಟಿಗೂ ಸಲ್ಲದು. ಬಾಟಲಿಯಿಂದ ಸಿಗಬಹುದಾದ ಅಲ್ಪ ಒಳಿತನ್ನು ಬುಟ್ಟಿಯಿಂದಲೂ ನಿರೀಕ್ಷಿಸಬಹುದು, ಅದೂ ಸಕ್ಕರೆ ಬೆರೆಸದೆ, ಸಾಲ ಮಾಡದೆ, ಎಂದಷ್ಟೇ ಹೇಳಬಹುದಾಗಿದೆ.

ತಿನ್ನುವ ಕ್ರಮ

ಹಣ್ಣಿನ ಕಾಲದಲ್ಲಿ ದಿನಕ್ಕೊಂದು ಸಣ್ಣ ಬಟ್ಟಲಿನಷ್ಟು ಸಾಕು. ಚೆನ್ನಾಗಿ ತೊಳೆದು ಸಿಪ್ಪೆಸಹಿತ ತಿನ್ನಬೇಕು. ರಸ ತೆಗೆದು ಸಕ್ಕರೆ ಹಾಕಿದರೆ, ಬಹಳ ಹೊತ್ತು ಕುದಿಸಿದರೆ, ಗುಣ ಕುಂದಿ ಸಕ್ಕರೆಯೇ ಉಳಿಯುತ್ತದೆ. ಹಿಪ್ಪುನೇರಳೆ ತೋಟಕ್ಕೆ ಔಷಧಿ ಸಿಂಪಡಿಸಿದ್ದಾರೆಯೇ ಎಂದು ಕೇಳಿ ತಿಳಿಯದೆ ಹಣ್ಣು ಕೀಳಬಾರದು. ಕವಳೆಕಾಯಿಯ ಉಪ್ಪಿನಕಾಯಿ ಬಾಯಿಗೆ ಹಿತವಾದರೂ ರಕ್ತದೊತ್ತಡದವರಿಗೆ ಅದರ ಉಪ್ಪು ಹಿತವಲ್ಲ.

ಸಕ್ಕರೆ ಕಾಯಿಲೆಯವರು ನೇರಳೆಯನ್ನು ಮಿತವಾಗಿ ತಿನ್ನಬಹುದು. ಬೀಜದ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದು ಮಾತ್ರ ಅಪಾಯ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹಣ್ಣಿನ ಪ್ರಮಾಣವನ್ನು ನಿರ್ಧರಿಸಬೇಕು. ಹಲ್ಲಿಲ್ಲದ ಹಿರಿಯರಿಗೆ, ನುಂಗಲು ಕಷ್ಟಪಡುವವರಿಗೆ ಬೀಜ ತೆಗೆದು ತಿರುಳನ್ನು ಕಿವುಚಿ ಕೊಡಬೇಕು; ಇಡಿಯ ಹಣ್ಣು ಗಂಟಲಿಗೆ ಸಿಕ್ಕಿಕೊಂಡೀತು.

ನೇರಳೆಯ ಕಾಲ ಎರಡು ತಿಂಗಳು. ಉಳಿದ ಹತ್ತು ತಿಂಗಳ ಗತಿಯೇನು ಎಂದು ಚಿಂತಿಸಬೇಕಾಗಿಲ್ಲ. ‘ಮೈಂಡ್’ ಕ್ರಮದ ಪಟ್ಟಿಯನ್ನು ನಮ್ಮ ಅಡುಗೆಮನೆಯ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಸೊಪ್ಪಿನ ಸಾರು, ರಾಗಿ ಮುದ್ದೆ, ನವಣೆ, ಸಜ್ಜೆ ರೊಟ್ಟಿ, ಹುರುಳಿ, ಅಲಸಂದೆ, ಎಣ್ಣೆಗಿರಣಿಗಳ ಊರಾದ ಚಳ್ಳಕೆರೆಯ ಶೇಂಗಾ, ಇವೆಲ್ಲ ಅದರಲ್ಲಿ ಹೇಳಿದ ಬಗೆಯವೇ. ನಾವು ಬಿಡಬೇಕಾದುದು ಕರಿದ ತಿಂಡಿ, ಬೇಕರಿಯ ಸಿಹಿ, ಡಾಲ್ಡಾ ಮುಂತಾದುವನ್ನು.

ಪರೀಕ್ಷಿಸಬೇಕಾದುದು ಇನ್ನೂ ಇದೆ

2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಭಾರತದಲ್ಲಿ 60 ದಾಟಿದ ನೂರು ಮಂದಿಯಲ್ಲಿ ಏಳಕ್ಕೂ ಹೆಚ್ಚು ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನರಿಗೆ, ಮರೆಗುಳಿ ರೋಗವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ತನ್ನ ಎರಡನೆಯ ಆವರಣವನ್ನು ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ತಾವು ಬಲ್ಲಿರಿ. ಬೆಂಗಳೂರಿನಲ್ಲಿ ಅದರ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ ಬಂದಿದೆ. ಹತ್ತು ಸಾವಿರ ಮಂದಿಯನ್ನು ಹೀಗೆ ಅನುಸರಿಸಿ ನೋಡುವುದು ಅದರ ಗುರಿ. ಪರದೇಶದ ದಾದಿಯರ ಲೆಕ್ಕವನ್ನು ನಾವು ಎರವಲು ತರಬೇಕಾದ ಕಾಲ ಹೀಗೆ ಮೆಲ್ಲಮೆಲ್ಲನೆ ಮುಗಿಯುತ್ತಿದೆ. ರಾಗಿ ಉಂಡು, ಹೊಲದಲ್ಲಿ ದುಡಿದು, ಶಾಲೆಯ ಮೆಟ್ಟಿಲು ಹತ್ತದವರ ನೆನಪು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದು ನಮ್ಮ ಜನರಿಂದಲೇ ತಿಳಿಯಬೇಕಾದ ವಿಷಯ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಈ ರೋಗಕ್ಕೆ ದಾರಿಯಾಗುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ಅವುಗಳನ್ನೆಲ್ಲ ನಿವಾರಿಸಿದರೆ ನೂರಕ್ಕೆ ಸುಮಾರು 45ರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಬೊಜ್ಜು, ಧೂಮಪಾನ, ಅತಿಯಾದ ಮದ್ಯ, ತಲೆಗೆ ಪೆಟ್ಟು, ಮೈಗೆ ಚಲನೆಯಿಲ್ಲದಿರುವುದು, ಕಲುಷಿತ ಗಾಳಿ, ವಿದ್ಯೆಯ ಕೊರತೆ, ಖಿನ್ನತೆ, ಕಿವುಡು, ಕಣ್ಣು ಮಂದವಾಗುವುದು, ಒಂಟಿತನ, ಇವೇ ಆ ಹದಿನಾಲ್ಕು. ಗಮನಿಸಿ: ಈ ಪಟ್ಟಿಯಲ್ಲಿ ಬೆರ್ರಿ ತಿನ್ನದಿರುವುದು ಸೇರಿಲ್ಲ; ಕಿವಿ ಕೇಳಿಸದಿರುವುದು ಸೇರಿದೆ.

ಆದುದರಿಂದ ಮನೆಯ ಹಿರಿಯರಲ್ಲಿ ಮರೆವು ಕಂಡರೆ ಹಣ್ಣಿನಂಗಡಿಗೆ ಹೋಗುವ ಮುನ್ನ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಬಿ12 ಇವುಗಳ ಪರೀಕ್ಷೆಯಾಗಬೇಕು. ಬಿ12 ಸೊಪ್ಪು, ಹಣ್ಣು, ಕಾಳುಗಳಲ್ಲಿ ದೊರೆಯುವುದಿಲ್ಲ. ನಮ್ಮಂತಹ ಶಾಕಾಹಾರಿ ಮನೆಗಳಿಗೆ ಅದು ಬರುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ವಯಸ್ಸಾದಂತೆ ದೇಹ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಹೊಟ್ಟೆಯುರಿಯ ಮಾತ್ರೆಯನ್ನೋ ವರ್ಷಗಟ್ಟಲೆ ಸೇವಿಸುವವರಲ್ಲಿ ಅದು ಇನ್ನೂ ಕಡಿಮೆಯಾಗಬಹುದು. ಹಾಗೆಂದು ಮಾತ್ರೆ ಬಿಡಬಾರದು. ಪರೀಕ್ಷೆ ಮಾಡಿಸಿ ಕೊರತೆಯನ್ನು ತುಂಬಿಕೊಳ್ಳಬೇಕು. ಕಿವಿಯಲ್ಲಿ ಗುಗ್ಗೆ ತುಂಬಿದೆಯೆ, ಕಣ್ಣಿಗೆ ಪೊರೆ ಬಂದಿದೆಯೆ ಎಂದೂ ನೋಡಿಸಬೇಕು. ನಿದ್ರೆಯ ಮಾತ್ರೆ ಸೇರಿದಂತೆ ಸೇವಿಸುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ಕೆಲವು ಮಾತ್ರೆಗಳೂ ಮರೆವನ್ನು ತರುತ್ತವೆ.

ಹೆಸರು ತಡವಾಗಿ ನೆನಪಾಗುವುದು, ಬೀಗದ ಕೈ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಸಹಜ ಮರೆವು. ಬೀಗದ ಕೈ ಏತಕ್ಕೆಂದೇ ತಿಳಿಯದಿರುವುದು, ಹುಟ್ಟಿ ಬೆಳೆದ ಬೀದಿಯಲ್ಲಿ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹಣದ ಲೆಕ್ಕ ತಪ್ಪುವುದು ಪರೀಕ್ಷೆಗೆ ತಕ್ಕ ಮರೆವು. ನಾಯಕನಹಟ್ಟಿಯಲ್ಲಿ ಐವತ್ತು ವರ್ಷದ ಹಿಂದೆ ನೋಡಿದ ರಥೋತ್ಸವವನ್ನು ಚಾಚೂ ತಪ್ಪದೆ ವರ್ಣಿಸುತ್ತಾರೆ, ಅವರಿಗೇನಾಗಿದೆ ಎಂದು ಸುಮ್ಮನಾಗಬಾರದು. ಈ ರೋಗದಲ್ಲಿ ಮೊದಲು ಹೋಗುವುದು ನಿನ್ನೆಯ ನೆನಪು. ಹಳೆಯದು ಬಹುಕಾಲ ಉಳಿಯುತ್ತದೆ. ಇನ್ನು ಒಂದೆರಡು ದಿನದಲ್ಲೇ ಹಠಾತ್ತಾಗಿ ಗೊಂದಲ ಉಂಟಾದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಅದು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಮಾಡಿಸಿ, ಅವರು ಸೂಚಿಸಿದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿಯೂ ಮಾಹಿತಿ ಪಡೆಯಬಹುದು.

ಕೇಳುವವರು ಬೇಕು

ಫಿನ್ಲೆಂಡ್ ದೇಶದಲ್ಲಿ 60ರಿಂದ 77 ವರ್ಷದ 1,260 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಒಂದೇ ಹಣ್ಣನ್ನು ನೆಚ್ಚಲಿಲ್ಲ. ಒಳ್ಳೆಯ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮೊದಲಾದುವುಗಳ ತಪಾಸಣೆ ಇವನ್ನೆಲ್ಲ ಒಟ್ಟಿಗೆ ಎರಡು ವರ್ಷ ನಡೆಸಿದರು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಿಗಿಂತ ಇವರ ಬುದ್ಧಿಶಕ್ತಿ ಚೆನ್ನಾಗಿ ಉಳಿಯಿತು. ಒಂದು ಎಳೆಯಿಂದ ಸೀರೆಯಾಗದು. ಹಾಸೂ ಬೇಕು, ಹೊಕ್ಕೂ ಬೇಕು. ಇದನ್ನು ಮೊಳಕಾಲ್ಮೂರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಸೋದರಿ, ತಮ್ಮ ಪ್ರಶ್ನೆಗೆ ಉತ್ತರವಿದು. ಬಾಟಲಿಯ ಹಣವನ್ನು ಈ ತಿಂಗಳು ರಕ್ತಪರೀಕ್ಷೆಗೂ ಕಿವಿ ಕಣ್ಣುಗಳ ತಪಾಸಣೆಗೂ ಬಳಸಿರಿ. ಬೆಂಗಳೂರಿನ ಭಾವನವರಿಗೆ ಬೇಸರವಾಗದಂತೆ ತಿಳಿಯಹೇಳಿರಿ. ಅವರು ಕಳುಹಿಸಿದುದು ಪ್ರೀತಿಯಿಂದಲೇ. ಬಾಟಲಿಯ ಬದಲು ವಾರಕ್ಕೆರಡು ಬಾರಿ ಫೋನಿನಲ್ಲಿ ತಂದೆಯವರೊಡನೆ ಮಾತನಾಡಿದರೆ, ತಿಂಗಳಿಗೊಮ್ಮೆ ಬಂದು ಅವರನ್ನು ಕರೆದುಕೊಂಡು ನಡೆದಾಡಿದರೆ, ಅದು ಆ ರಸಕ್ಕಿಂತ ಕಡಿಮೆಯದಲ್ಲ. ನೇರಳೆಯ ಕಾಲ ಬಂದಾಗ ಮಾವನವರಿಗೆ ಅವಶ್ಯವಾಗಿ ಹಣ್ಣು ಕೊಡಿರಿ. ಕೊಟ್ಟು ಎದ್ದು ಹೋಗದೆ ಜೊತೆಯಲ್ಲಿ ಕುಳಿತು, ಆ ಅಂಚಿನ ಲೆಕ್ಕವನ್ನು ಹೇಗೆ ಕಲಿತಿರೆಂದು ಕೇಳಿರಿ. ತಪ್ಪಿದರೆ ತಿದ್ದಬೇಡಿರಿ. ನೆನಪಾದುದನ್ನು ಮೊಮ್ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಪರೀಕ್ಷೆಯಿಂದ ತಿದ್ದಬಹುದಾದ ಕಾರಣ ಸಿಕ್ಕರೆ ಸಂತೋಷ. ಸಿಗದೆ ಹೋದರೂ ಮಾವನವರ ಮಾನಕ್ಕೆ ಕುಂದು ಬಾರದಂತೆ ಮುಂದಿನ ದಿನಗಳನ್ನು ನಡೆಸಿಕೊಡುವುದು ಮನೆಯವರೆಲ್ಲರ ಕೈಯಲ್ಲಿದೆ.

ತಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಾಯಿತಂದೆಗಳ ಮಾತನ್ನು, ಹಿರಿಯರ ಮಾತನ್ನು ಆಲಿಸಬೇಕೆಂಬ ಬೋಧೆ ಅಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಬಂಡೆಯ ಮೇಲೆ ಕೊರೆಯಲ್ಪಟ್ಟಿದೆ. ಬಂಡೆ ಅದನ್ನು ಮರೆತಿಲ್ಲ. ಇನ್ನು ಮುಂದೆ ನಮ್ಮ ಮನೆಗಳಲ್ಲಿ ‘ಅರಳುಮರಳು’ ಎಂಬ ಮಾತು ನಾಲಗೆಗೆ ಬಂದಾಗ ಅದನ್ನು ಅಲ್ಲಿಯೇ ತಡೆದು, ಹಿರಿಯರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.